ಹೊಗೆಗೂಡಿನ ಗಂಟು

"ಇವತ್ತು ಸಾತಮ್, ಬೇಟಾ. ಒಲೆ ಹಚ್ಚಬಾರದು. ಅದರಲ್ಲೂ ಈ ಮನೆಯ ಹೊಗೆಗೂಡಿಗೆ ಕೈ ಹಾಕಲೇಬೇಡ. ಒಳಗಿರೋದು ಕಸ ಅಲ್ಲ, ಮಾಟದ ಗಂಟು. ಕೆಳಗೆ ಬಿದ್ದು ಬೆಂಕಿ ಕಂಡಿತೋ, ಈ ಮನೆಯ ಮಗು ಸುಟ್ಟುಹೋಗುತ್ತೆ."

ಪಕ್ಕದ ಮನೆಯ ಮುದುಕಿ ಹಂಸಾಬಾ ಜಗಲಿಯಲ್ಲಿ ನಿಂತು ಹಿಂದಿಯಲ್ಲಿ ಹೇಳಿದಳು. ಸುಧೀರ್ ನಕ್ಕುಬಿಟ್ಟ. ಸೂರತ್ತಿನ ಹಳೇಪೇಟೆಯ ಈ ಮನೆಯನ್ನು ಉಡುಪಿ ಹೋಟೆಲು ಮಾಡಲೆಂದೇ ಕೊಂಡವನು ಅವನು. ಶೀತಲಾ ಸಾತಮ್ ದಿನ ಊರಿಗೆ ಊರೇ ಒಲೆ ಆರಿಸಿ ತಂಗಳು ತಿನ್ನುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

"ಬೇಡ ಮಾರಾಯ್ರೆ, ನಾಳೆ ಮಾಡುವ," ಎಂದಳು ಹೆಂಡತಿ ಸುಭದ್ರಾ. ತಾವಿದ್ದ ಅಡಾಜಣ್ ಬಡಾವಣೆಯ ಫ್ಲ್ಯಾಟಿನಲ್ಲಿ ಒಂಟಿಯಾಗಿ ಬಿಡಲಾರದೆ ಮಗಳು ನೇಹಾಳನ್ನೂ ಕರೆತಂದಿದ್ದರು. ಅವಳು ಪಡಸಾಲೆಯ ಉಯ್ಯಾಲೆಯಲ್ಲಿ ನಿದ್ದೆಹೋಗಿದ್ದಳು.

"ಮಾಟ ಅಂತೆ ಮಾಟ! ಪಾರಿವಾಳದ ಗೂಡು ಮಾರಾಯ್ತಿ ಅದು."

ಒಲೆಕಟ್ಟೆಯ ಮೇಲೆ ಹತ್ತಿ ಕಬ್ಬಿಣದ ಸರಳು ತೂರಿಸಿದ. ಮಸಿ ಸುರಿಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಕತ್ತಲೊಳಗೆ ಮೆತ್ತಗಿನದೇನೋ ಅಡ್ಡ ಸಿಕ್ಕಿತ್ತು. ಎಷ್ಟು ತಿವಿದರೂ ಜಗ್ಗಲಿಲ್ಲ. ಸುಧೀರನಿಗೆ ಹಠ ಹತ್ತಿತು. ಬೆವರಿಳಿಯುವಂತೆ ತಿವಿದ. ಗಂಟು ದೊಪ್ಪನೆ ಒಲೆಯೊಳಕ್ಕೆ ಬಿತ್ತು. ಕೆಂಪು ಬಟ್ಟೆ, ಕೂದಲು, ಬೆರಳಿನಷ್ಟು ಸಣ್ಣ ಎಲುಬುಗಳು. ಅವನಿಗೂ ಹೇಸಿಗೆಯಾಯಿತು. ಆದರೆ ಹೊಗೆ ಸರಾಗ ಮೇಲೇರುತ್ತದೆಯೇ ನೋಡಬೇಕಲ್ಲ? ಗಂಟಿಗೇ ಕಡ್ಡಿ ಗೀರಿದ.

ಪಡಸಾಲೆಯಲ್ಲಿ ನೇಹಾ ಕಿರುಚಿದಳು.

ಇಬ್ಬರೂ ಓಡಿಬಂದರೆ ಉಯ್ಯಾಲೆಯಲ್ಲಿ ಬೆಂಕಿಯಿಲ್ಲ. ಹೊಗೆಯಿಲ್ಲ. ಮಗುವಿನ ಕಾಲಿನ ಚರ್ಮ ಮಾತ್ರ ಬೊಬ್ಬೆಯೆದ್ದು ಸುಲಿಯುತ್ತಿತ್ತು. ಸುಭದ್ರಾ ಕೊಡದ ನೀರು ಸುರಿದಳು. ನೀರು ಮೈಮೇಲೆಯೇ ಕುದಿಯಿತು.

"ಮೇಲಿಡು! ಎಲ್ಲಿತ್ತೋ ಅಲ್ಲೇ ಇಡು!" ಹಂಸಾಬಾ ಬಾಗಿಲಲ್ಲಿ ಎದೆ ಬಡಿದುಕೊಂಡಳು.

ಸುಧೀರ್ ಒಲೆಯತ್ತ ಓಡಿ ಉರಿಯುವ ಗಂಟನ್ನು ಬರಿಗೈಯಲ್ಲಿ ಬಾಚಿ ಹಿಡಿದ. ಒಲೆಕಟ್ಟೆ ಹತ್ತಿ ಹೊಗೆಗೂಡಿನೊಳಕ್ಕೆ ಮೊಣಕೈವರೆಗೆ ತೋಳು ತೂರಿಸಿದ. ಗಂಟು ಹಿಡಿದ ಮುಷ್ಟಿಯನ್ನೇ ಮೇಲಿನಿಂದ ಹಲ್ಲುಗಳು ಕಚ್ಚಿದವು. ಎಲುಬು ಲಟಕ್ಕೆಂದಿತು. ಬಿಸಿ ರಕ್ತ ಕಂಕುಳಿಗೆ ಇಳಿಯಿತು. ನೇಹಾಳ ಕೂಗು ನಿಂತಿತು.

ನೋವು ತಾಳದೆ ತೋಳನ್ನು ಕೆಳಕ್ಕೆಳೆದ. ಮಗು ಮತ್ತೆ ಚೀರಿತು. ಮೇಲಕ್ಕೊತ್ತಿದ. ಸುಮ್ಮನಾಯಿತು. ಇನ್ನೊಮ್ಮೆ ಎಳೆದ. ಮತ್ತದೇ ಚೀತ್ಕಾರ.

ಈ ತೋಳು ಇನ್ನು ಕೆಳಗಿಳಿಯುವಂತಿಲ್ಲ.

"ಸುಭದ್ರಾ, ಕಾಯಿ ಕೆತ್ತುವ ಕತ್ತಿ ತಾ."

"ಎಂಥಕ್ಕೆ?"

"ಮೊಣಕೈ ಹತ್ರ ಹಾಕು. ಒಂದೇ ಏಟಿಗೆ. ಕಣ್ಣು ಮುಚ್ಚಬೇಡ."

ಅವಳು ಉಯ್ಯಾಲೆಯ ಕಡೆ ತಿರುಗಿ ನೋಡಿದಳು. ಆಮೇಲೆ ಕತ್ತಿ ಎತ್ತಿದಳು.

ಒಂದೇ ಏಟಿಗೆ ಆಗಲಿಲ್ಲ.