ಹಳದಿ ಕೋಟಿನವಳು

"ಆ ಕೋಟು... ಆ ಕೋಟು ನಿಮಗ ಎಲ್ಲಿ ಸಿಕ್ತರಿ?"

ಬೆನ್ನ ಹಿಂದಿನಿಂದ ಬಂದ ದನಿಗೆ ಮಹತಿ ಬೆಚ್ಚಿ ತಿರುಗಿದಳು.

ಲಿಟಲ್ ಎಲ್ಮ್ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನೀರಿನ ನಡುವೆ ಎಲೆಯಿಲ್ಲದ ಒಣಮರಗಳು ಸುಮ್ಮನೆ ನಿಂತಿದ್ದವು. ದಡದಲ್ಲಿ ಕನ್ನಡ ಶಾಲೆಯ ಮಕ್ಕಳು ಚಾಪೆ ಹಾಸಿಕೊಂಡು, ಮೊಣಕಾಲ ಮೇಲೆ ರಟ್ಟಿನ ಹಲಗೆ ಇಟ್ಟುಕೊಂಡು ಕೂತಿದ್ದರು. ಆ ಮಕ್ಕಳನ್ನು ಗೋಡೆಗಳಿಂದ ಹೊರಗೆ ತಂದು ಕೆರೆ, ಮರ, ಹಕ್ಕಿ ನೋಡಿ ಚಿತ್ರ ಬರೆಸುವುದು ಮಹತಿಯ ಕೆಲಸ. ಇವತ್ತು ಈ ವರ್ಷದ ಮೊದಲ ಪ್ರವಾಸ.

ಎದುರಿಗಿದ್ದವನ ಮುಖ ಸುಣ್ಣದಷ್ಟು ಬಿಳಿಚಿತ್ತು. ಒಂದು ಕೈಯಲ್ಲಿ ಪುಟ್ಟ ಹುಡುಗಿಯ ಬೆರಳು ಹಿಡಿದಿದ್ದ. ಅವನ ಕಣ್ಣು ಮಾತ್ರ ಮಹತಿಯ ಸಾಸಿವೆ ಹಳದಿ ಬಣ್ಣದ ಮಳೆಕೋಟಿನ ಮೇಲೆಯೇ ನೆಟ್ಟಿತ್ತು.

"ಆಸ್ಟಿನ್‌ನಲ್ಲಿ ಓದೋವಾಗ ತಗೊಂಡಿದ್ದು. ಯಾಕೆ? ಏನಾಯ್ತು?"

ಅವನು ಎಚ್ಚರಗೊಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದ.

"ಏನಿಲ್ರಿ. ತಪ್ಪು ತಿಳ್ಕೊಬ್ಯಾಡ್ರಿ. ನಾ ಸುಧೀಂದ್ರ. ಈಕಿ ನನ್ನ ಮಗಳು, ದಿಯಾ. ಇವತ್ತ ಹೊಸದಾಗಿ ಸೇರ್ಸೇನ್ರಿ."

ವಿಚಿತ್ರ ಮನುಷ್ಯ! ಎಂದುಕೊಂಡಳು ಮಹತಿ. ಆದರೂ ಅವನ ಕಣ್ಣಲ್ಲಿದ್ದದ್ದು ಕೋಪವಲ್ಲ, ಭಯ. ನನ್ನನ್ನು ನೋಡಿ ಯಾರಾದರೂ ಯಾಕೆ ಹೆದರಬೇಕು?

ಮಕ್ಕಳು ಬರೆದು ಮುಗಿಸುವ ಹೊತ್ತಿಗೆ ಬಿಸಿಲು ಬಂದಿತ್ತು. ಎಲ್ಲರ ಹಾಳೆಯಲ್ಲೂ ಮರ, ಬಾತುಕೋಳಿ, ದೋಣಿ. ದಿಯಾಳ ಹಾಳೆಯಲ್ಲಿ ಬೇರೆಯೇ ಇತ್ತು. ಒಣಮರಗಳ ನಡುವೆ, ಪಾದ ಮುಳುಗುವಷ್ಟು ನೀರಿನಲ್ಲಿ, ಹಳದಿ ಕೋಟಿನ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು.

"ಯಾರು ಪುಟ್ಟಾ ಇದು?"

"ಯೂ, ಮಿಸ್."

"ನಾನು ನೀರಿಗೆ ಇಳಿದೇ ಇಲ್ವಲ್ಲ?"

ದಿಯಾ ಬಣ್ಣದ ಕಡ್ಡಿಯನ್ನು ಡಬ್ಬಿಯೊಳಗೆ ಜೋಡಿಸುತ್ತಾ, ತಲೆ ಎತ್ತದೆ ಹೇಳಿದಳು.

"ನಾಟ್ ಯೆಟ್."



* * *

ಆಮೇಲೆ ಸುಧೀಂದ್ರ ಒಂದು ಪ್ರವಾಸವನ್ನೂ ತಪ್ಪಿಸಲಿಲ್ಲ.

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು ಶನಿವಾರ ಬೆಳಗಾದರೆ ಚಾಪೆ ಹೊರುತ್ತಿದ್ದ, ಮಕ್ಕಳ ಪೆನ್ಸಿಲ್ ಕೆತ್ತಿ ಕೊಡುತ್ತಿದ್ದ. ಮಾತು ಕಡಿಮೆ. ಆದರೆ ಒಂದನ್ನು ಮಹತಿ ಗಮನಿಸಿದ್ದಳು. ಅವಳು ನೀರಿನ ಕಡೆ ಹೆಜ್ಜೆ ಇಟ್ಟರೆ ಸಾಕು, ಎಲ್ಲಿದ್ದರೂ ಬಂದು ಅವಳಿಗೂ ನೀರಿಗೂ ನಡುವೆ ನಿಲ್ಲುತ್ತಿದ್ದ!

ನನ್ನ ಮೇಲೆ ಇಷ್ಟು ಕಾಳಜಿಯಾ? ಹಾಗಂದುಕೊಂಡಾಗಲೆಲ್ಲ ಅವಳಿಗೆ ತನ್ನಷ್ಟಕ್ಕೇ ನಗು ಬರುತ್ತಿತ್ತು. ಶುಕ್ರವಾರ ಸಂಜೆಯೇ ಮರುದಿನ ತೊಡುವ ಕುರ್ತಾ ಇಸ್ತ್ರಿ ಮಾಡಿಡುವ ಅಭ್ಯಾಸ ಯಾವಾಗ ಶುರುವಾಯಿತೋ ಅವಳಿಗೇ ತಿಳಿಯದು.

ವಸಂತದಲ್ಲಿ ಆಸ್ಟಿನ್‌ಗೆ ಹೋದರು. ಸುಣ್ಣಕಲ್ಲಿನ ಹಳ್ಳ, ಎರಡೂ ದಡದಲ್ಲಿ ಸೈಪ್ರೆಸ್ ಮರಗಳು, ನೀರಿನೊಳಕ್ಕೆ ಮುದುಕರ ಬೆರಳಿನಂತೆ ಇಳಿದ ಬೇರುಗಳು. ಮಕ್ಕಳೆಲ್ಲ ಬೇರುಗಳನ್ನು ಬರೆಯುತ್ತಿದ್ದಾಗ ಮಹತಿ ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ದಿಯಾಳ ಅಮ್ಮ ಯಾವತ್ತೂ ಬರಲ್ವಾ?"

ಸುಧೀಂದ್ರ ನೀರಿನ ಕಡೆ ತಿರುಗಿದ.

"ಗೋದಾವರಿ ತೀರ್ಕೊಂಡಾಳ್ರಿ. ಹ್ಯೂಸ್ಟನ್‌ದಾಗ ಜೋರ್ ಮಳಿ ಬಂದಿತ್ತು. ಸೇತುವಿ ಕೆಳಗ ನೀರು ತುಂಬಿದ್ದು ಕತ್ತಲ್ಯಾಗ ಗೊತ್ತಾಗ್ಲಿಲ್ಲ... ಕಾರು ಇಳಿಸಿಬಿಟ್ಲು. ದಿಯಾ ಆಗ ಸಣ್ಣಾಕಿ. 'ಅಮ್ಮ ಎಲ್ಲಿ' ಅಂತ ಒಂದ್ ಸಲಾನೂ ಕೇಳ್ಲಿಲ್ಲ. ಅವತ್ತಿನಿಂದ ಕನ್ನಡಾನೂ ಮಾತಾಡಿಲ್ರಿ."

ಮಹತಿ ಅವನ ಮುಂಗೈ ಮೇಲೆ ಮೆಲ್ಲಗೆ ಕೈಯಿಟ್ಟಳು. ಅವನು ಕೈ ಹಿಂದೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ನಿಶ್ಚಲ್ ಕೂಗಿದ. ತಂಡದಲ್ಲೇ ತುಂಟ ಹುಡುಗ ಅವನು.

"ಮಿಸ್! ದಿಯಾ ಹತ್ರ ಯಾರು ಕೂತಿದ್ರು? ಎಲ್ಲಾ ವೆಟ್ ಆಗಿದೆ!"

ದಿಯಾ ಒಂಟಿಯಾಗಿ ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತಿದ್ದಳು. ಹಳ್ಳದಿಂದ ಅವಳವರೆಗೂ ಒಣಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬರಿಗಾಲಿನ ಹೆಜ್ಜೆ. ಮಗುವಿನದಲ್ಲ, ದೊಡ್ಡವರದು. ಬಂದ ಗುರುತು ಮಾತ್ರ ಇತ್ತು... ಹಿಂತಿರುಗಿದ ಗುರುತಿರಲಿಲ್ಲ.

ಅವರು ನೋಡುತ್ತಿದ್ದಂತೆಯೇ ಬಿಸಿಲಿಗೆ ಅವು ಒಂದೊಂದಾಗಿ ಆರಿಹೋದವು.

ಸುಧೀಂದ್ರ ಮಗಳ ಹಾಳೆಯನ್ನು ಕಿತ್ತುಕೊಂಡು ನೋಡಿದ. ಸೈಪ್ರೆಸ್ ಬೇರುಗಳ ನಡುವೆ ಹಳದಿ ಕೋಟಿನವಳು. ಈ ಸಲ ನೀರು ಸೊಂಟದವರೆಗೆ ಬಂದಿತ್ತು. ಅವನು ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಯಾರಿಗೂ ತೋರಿಸಲಿಲ್ಲ, ಮಹತಿಗೂ.

* * *

ಎರಡೇ ದಿನದಲ್ಲಿ ಅವನ ಮೆಸೇಜ್ ಬಂತು.

'ದಿಯಾ ಇನ್ನು ಬರಂಗಿಲ್ಲ. ಮುಂದಿನ ಹ್ಯೂಸ್ಟನ್ ಪ್ರವಾಸ ಬಿಟ್ಟುಬಿಡ್ರಿ. ಆ ಹಳದಿ ಕೋಟು ಹಾಕ್ಕೋಬ್ಯಾಡ್ರಿ. ಕಾರಣ ಕೇಳಬ್ಯಾಡ್ರಿ.'

ಮಹತಿ ಓದಿದಳು. ಮತ್ತೆ ಓದಿದಳು. ಫೋನ್ ಮಾಡಿದಳು, ಅವನು ಎತ್ತಲಿಲ್ಲ.

ನಾನೇನು ತಪ್ಪು ಮಾಡಿದೆ? ಕೈ ಮುಟ್ಟಿದ್ದೇ ತಪ್ಪಾಯಿತಾ?

ಉತ್ತರ ಸಿಕ್ಕಿದ್ದು ಶಾಲೆಯ ಹಿರಿಯರಾದ ವಿಜಯಮ್ಮನವರಿಂದ. ಪ್ರವಾಸಗಳಿಗೆ ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದವರು ಅವರೇ.

"ಅಯ್ಯೋ, ನಿನಗೆ ಗೊತ್ತಿಲ್ವೇನಮ್ಮ? ಗೋದಾವರಿ ಹೋದ ದಿನ ಹಾಕಿದ್ದಿದ್ದು ಥೇಟ್ ನಿನ್ನಂಥದೇ ಹಳದಿ ಕೋಟು ಅಂತ ಅವನೇ ಒಂದ್ಸಲ ಹೇಳಿದ್ದ. ನಿನ್ನಲ್ಲಿ ಅವಳನ್ನೇ ನೋಡ್ತಾನೆ ಪಾಪ."

ಮಹತಿಯ ಎದೆಯೊಳಗೆ ಏನೋ ಚೂರಾಯಿತು.

ಅಂದರೆ ಇಷ್ಟು ದಿನ ಅವನು ನೋಡಿದ್ದು ನನ್ನನ್ನಲ್ಲ... ನನ್ನ ಕೋಟನ್ನು! ನೀರಿಗೂ ನನಗೂ ನಡುವೆ ನಿಂತದ್ದೂ ನನಗಾಗಿ ಅಲ್ಲ!

ಆ ರಾತ್ರಿ ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಹ್ಯೂಸ್ಟನ್‌ಗೆ ಹೊರಡುವ ದಿನ ಬೇಕೆಂದೇ ಅದೇ ಹಳದಿ ಕೋಟು ತೊಟ್ಟಳು.

* * *

ಹ್ಯೂಸ್ಟನ್ ಹೊರಗಿನ ಆ ಜೌಗುಕಾಡಿನಲ್ಲಿ ಮಧ್ಯಾಹ್ನವೇ ಸಂಜೆಯಾದಂತಿತ್ತು. ಮರಗಳಿಂದ ಬೂದುಬಣ್ಣದ ಪಾಚಿ ಜಡೆಜಡೆಯಾಗಿ ಇಳಿಬಿದ್ದಿತ್ತು. ಮೊಸಳೆಗಳಿವೆ, ದಡದಿಂದ ದೂರವಿರಿ ಎಂಬ ಫಲಕ ಇತ್ತು. ಮಹತಿ ಮಕ್ಕಳನ್ನು ದಾರಿಯ ಆಚೆ ಬದಿಗೆ, ಓಕ್ ಮರದ ಕೆಳಗೆ ಕೂರಿಸಿದ್ದಳು.

ಹಕ್ಕಿಗಳ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು.

"ಯಾಕೋ ಸರಿ ಅನ್ನಿಸ್ತಿಲ್ಲ ಕಣೇ, ಹೊರಟುಬಿಡೋಣ," ಎಂದರು ವಿಜಯಮ್ಮ.

ಒಂದು ಗಾಳಿ ಬೀಸಿತು. ನಿಶ್ಚಲ್‌ನ ಹಾಳೆ ಹಾರಿತು. "ಮೈ ಡ್ರಾಯಿಂಗ್!" ಎಂದು ಅವನು ಹಿಂದೆಯೇ ಓಡಿದ. ಎದುರಿಗೆ ಹಸಿರು ಹುಲ್ಲುಹಾಸು. ಹುಡುಗ ಅದರ ಮೇಲೆ ಕಾಲಿಟ್ಟ...

ಅದು ಹುಲ್ಲಾಗಿರಲಿಲ್ಲ! ನೀರಿನ ಮೇಲೆ ಹರಡಿದ್ದ ಹಸಿರು ಪಾಚಿ!

ನಿಶ್ಚಲ್ ಸದ್ದಿಲ್ಲದೆ ಮುಳುಗಿದ. ಮಹತಿ ಏನನ್ನೂ ಯೋಚಿಸಲಿಲ್ಲ, ಹಾರಿದಳು. ಕೈಗೆ ಸಿಕ್ಕಿದ ಅಂಗಿಯನ್ನು ಹಿಡಿದೆತ್ತಿ ದಡದ ಕಡೆ ತಳ್ಳಿದಳು. ವಿಜಯಮ್ಮ ಮೊಣಕಾಲೂರಿ ಹುಡುಗನನ್ನು ಎಳೆದುಕೊಂಡರು. ಅವನು ಕೆಮ್ಮಿ, ಉಸಿರೆಳೆದು, ಜೋರಾಗಿ ಅತ್ತ. ಬದುಕಿದ!

ಆದರೆ ಮಹತಿಯ ಕಾಲು ಕೆಸರಿನಲ್ಲಿ ಹೂತಿತ್ತು. ಒಂದನ್ನು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು. ಕೋಟಿನೊಳಗೆ ನೀರು ತುಂಬಿ ಕಲ್ಲಿನಂತೆ ಭಾರವಾಯಿತು. ನೀರು ಎದೆಗೆ ಬಂತು. ಕುತ್ತಿಗೆಗೆ ಬಂತು.

ಆಗ ಯಾರೋ ಹಿಂದಿನಿಂದ ಅವಳ ಬೆನ್ನಿಗೆ ಅಂಗೈ ಇಟ್ಟರು.

ತಣ್ಣನೆಯ ಅಂಗೈ. ಐದೂ ಬೆರಳು ಬೇರೆಬೇರೆಯಾಗಿ ಗೊತ್ತಾಗುತ್ತಿದ್ದವು. ಅದು ಅವಳನ್ನು ಕೆಳಗೆ ಒತ್ತಲಿಲ್ಲ... ಮೇಲಕ್ಕೆ ನೂಕಿತು.

"ಕೋಟು ಬಿಚ್ರಿ! ಮಹತಿ, ಕೋಟು ಬಿಚ್ಚಿಬಿಡ್ರಿ!"

ಸುಧೀಂದ್ರ! ದಡದ ಮೇಲೆ ಬೋರಲು ಬಿದ್ದು ಕೈ ಚಾಚಿದ್ದ. ಅವಳು ಒಂದು ತೋಳು ಬಿಡಿಸಿಕೊಂಡಳು, ಇನ್ನೊಂದನ್ನೂ ಬಿಡಿಸಿಕೊಂಡಳು. ಅವನು ಮಣಿಕಟ್ಟು ಹಿಡಿದು ಎಳೆದ. ಕೆಸರು ಕೊನೆಗೂ ಅವಳನ್ನು ಬಿಟ್ಟುಕೊಟ್ಟಿತು.

ದಡದಲ್ಲಿ ಅವನೆದೆಗೆ ಒರಗಿ ಏದುಸಿರು ಬಿಡುತ್ತಾ ಮಹತಿ ತಿರುಗಿ ನೋಡಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಹಳದಿ ಕೋಟು ಮಾತ್ರ ತೋಳು ಚಾಚಿ, ಒಳಗೆ ಯಾರೋ ಇದ್ದಂತೆ ಉಬ್ಬಿ, ತೇಲುತ್ತಿತ್ತು. ಹರಿವೇ ಇಲ್ಲದ ಆ ನೀರಿನಲ್ಲಿ ಅದು ನಿಧಾನವಾಗಿ ಸರಿಯುತ್ತಾ ಪಾಚಿಯ ಜಡೆಗಳ ಹಿಂದೆ ಮರೆಯಾಯಿತು.

ದಿಯಾ ದಾರಿಯ ಮೇಲೆ ನಿಂತು ಅತ್ತ ಕೈ ಬೀಸುತ್ತಿದ್ದಳು.

"ಅಪ್ಪಾ," ಎಂದಳು ಅಚ್ಚ ಕನ್ನಡದಲ್ಲಿ. "ಅಮ್ಮ ಹೋದ್ಲು."

ಸುಧೀಂದ್ರ ಮಗಳನ್ನು ಎಳೆದು ಅಪ್ಪಿಕೊಂಡ. ಇಷ್ಟು ವರ್ಷ ಬಾರದಿದ್ದ ಅಳು ಅಪ್ಪ ಮಗಳಿಬ್ಬರಿಗೂ ಒಟ್ಟಿಗೇ ಬಂತು.

* * *

ನಿಶ್ಚಲ್‌ನನ್ನು ಡಾಕ್ಟರಿಗೆ ತೋರಿಸಿ, ಏನೂ ತೊಂದರೆಯಿಲ್ಲ ಎಂದಮೇಲೆ ಎಲ್ಲರೂ ಊರಿನೊಳಗೆ, ಭಾರತೀಯ ಅಂಗಡಿಗಳೇ ತುಂಬಿದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಒಂದು ದೋಸೆ ಹೋಟೆಲಿಗೆ ಬಂದರು. ಮಕ್ಕಳು ಒಳಗೆ ಗಲಾಟೆ ಮಾಡುತ್ತಿದ್ದರು. ದಿಯಾ ವಿಜಯಮ್ಮನವರ ಮಡಿಲಲ್ಲಿ ಕೂತು ಬಾಯಿತುಂಬ ಮಾತಾಡುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಕೊಂಡ ಹೊಸ ಚೂಡಿದಾರ ತೊಟ್ಟ ಮಹತಿ, ಚಹಾದ ಲೋಟ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಸುಧೀಂದ್ರ ಬಂದು ಪಕ್ಕದಲ್ಲಿ ಕೂತ.

"ಇವತ್ತ ಮುಂಜಾನೆ ಆಕಿ ಇನ್ನೊಂದು ಚಿತ್ರ ಬರದ್ಲರಿ. ನೀರು ಕುತ್ತಿಗಿ ಮಟ ಇತ್ತು. ನಿಮಗ ಫೋನ್ ಮಾಡಿದೆ, ಹತ್ತಲಿಲ್ಲ. ಆಕೀನ್ನ ಕಾರಿನ್ಯಾಗ ಕೂಡಿಸ್ಕೊಂಡು ಬಂದಬಿಟ್ಟೆ."

"ಮೊದಲೇ ಹೇಳಬಹುದಿತ್ತಲ್ಲ? ಮೆಸೇಜಿನಲ್ಲಿ ಕಾರಣ ಕೇಳಬೇಡಿ ಅಂದುಬಿಟ್ರಿ!"

"ಹೆಂಗ ಹೇಳ್ಲಿರಿ? ಬಾಯಿಂದ ಅಂದ್ರ ಖರೇ ಆಗ್ತದೇನೋ ಅಂತ ಅಂಜಿದೆ. ಒಬ್ಬಾಕೀನ್ನ ನೀರಿಗೆ ಕೊಟ್ಟೇನಿ. ಇನ್ನೊಬ್ಬಾಕೀನ್ನ..."

ಮಹತಿ ಲೋಟವನ್ನು ಬೆಂಚಿನ ಮೇಲಿಟ್ಟಳು. ಕೇಳಲೇಬೇಕಿತ್ತು. ಕೇಳದೆ ಬದುಕಲಾಗದು.

"ನಿಜ ಹೇಳಿ. ನನ್ನಲ್ಲಿ ನೀವು ಗೋದಾವರಿಯವರನ್ನ ನೋಡ್ತೀರಾ?"

"ಇಲ್ರಿ!" ಅವನು ಬೆಚ್ಚಿದ. "ಗೋದಾವರಿ ಜೋರ್ ದನಿಯಾಕಿ. ಒಂದ್ ಕ್ಷಣ ಕೂತಲ್ಲೆ ಕೂಡ್ತಿದ್ದಿಲ್ಲ. ಆಕೀನ್ನ ಮರೀಲಿಕ್ಕೆ ಆಗಂಗಿಲ್ಲ, ಮರೀತೇನಿ ಅಂತ ಸುಳ್ಳೂ ಹೇಳಂಗಿಲ್ಲ. ಆದ್ರ ನೀವು ಬ್ಯಾರೆ. ಹುಡುಗ್ರು ಸೊಟ್ಟ ಗೆರಿ ಎಳದ್ರ ಅದನ್ನ ಅಳಸಂಗಿಲ್ಲ, ಅದರಾಗ ಒಂದು ಹಕ್ಕಿ ಮಾಡಿ ತೋರಸ್ತೀರಿ. ದಾರ್ಯಾಗ ಬಿದ್ದ ಎಲಿ ಎಲ್ಲಾ ಆರಿಸಿ ಕಿಸೇದಾಗ ಇಟ್ಕೋತೀರಿ, ಆಮ್ಯಾಲ ಬೀಗದಕೈ ಸಿಗವಲ್ದು ಅಂತ ಹುಡಕ್ತೀರಿ... ಮೊದಲನೇ ದಿನ ನಾ ನೋಡಿದ್ದು ಕೋಟು, ಖರೇ. ಎರಡನೇ ದಿನದಿಂದ ಕೋಟು ನನಗ ಕಾಣಲೇ ಇಲ್ರಿ."

ಮಹತಿಯ ಕಣ್ಣು ತುಂಬಿತು.

"ನೀರಿನಲ್ಲಿ ನನ್ನನ್ನ ಯಾರೋ ಮೇಲಕ್ಕೆ ತಳ್ಳಿದ್ರು, ಸುಧೀಂದ್ರ. ನೀವು ನಂಬ್ತೀರಾ?"

ಅವನು ಸಂಜೆಯ ರಸ್ತೆಯನ್ನು ನೋಡುತ್ತಾ ಮೆಲ್ಲಗೆ ತಲೆಯಾಡಿಸಿದ.

"ನಂಬ್ತೇನ್ರಿ. ಆಕಿಗೆ ಮಗಳ ಚಿಂತಿ ಇತ್ತು. ಯಾರ ಕೈಯಾಗ ಬಿಟ್ಟು ಹೋಗ್ಲಿ ಅಂತ ಕಾಯ್ಕೊಂಡು ನಿಂತಿದ್ಲೇನೋ."

ಅವನ ಕೈ ಬೆಂಚಿನ ಮೇಲೆ ಸರಿದು ಬಂದು, ಅವಳ ಬೆರಳ ಹತ್ತಿರ ಬಂದು, ಅನುಮಾನಿಸಿ ನಿಂತಿತು.

"ಒಂದು ಕೇಳ್ಲಾ?" ಎಂದಳು ಮಹತಿ. "ಅಲ್ಲಿ ದಡದ ಮೇಲೆ ಹೆಸರು ಹಿಡಿದು ಕರೆದ್ರಲ್ಲ... ಈಗ ಕರೀರಿ ನೋಡೋಣ."

"ಅಂಜಿಕಿ ಆಗ್ತದರಿ."

"ಮೊಸಳೆ ಇರೋ ನೀರಿಗೆ ಕೈ ಹಾಕಿದೋರಿಗೆ ಇದಕ್ಕೆ ಅಂಜಿಕೆನಾ?"

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಕೈ ಉಳಿದ ದೂರವನ್ನೂ ದಾಟಿ ಅವಳ ಬೆರಳುಗಳನ್ನು ಹಿಡಿಯಿತು.

"ಇದು ಬ್ಯಾರೆ ಅಂಜಿಕಿರಿ... ಮಹತಿ."