ಹತ್ತಕ್ಕೆ ಆರು

"ನನಗೆ ನೀನು ತುಂಬಾ ಇಷ್ಟ. ನಿನಗೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡು, ಸಿಟ್ಟು ಮಾಡ್ಕೊಳ್ಳಲ್ಲ."

ಇಷ್ಟು ಹೇಳಿ ಗ್ಯಾರೇಜಿನ ಹುಡುಗ ಉಗುರಿನ ಗ್ರೀಸ್ ಕೆರೆಯುತ್ತ ನಿಂತ. ಎದುರಿಗೆ ಕುಳಿತಿದ್ದವಳು ಪೆನ್ನಿನ ಕ್ಯಾಪ್ ಕಚ್ಚಿಕೊಂಡು ಅಂಕ ಬರೆದಳು.

"ದನಿ ಸಾಲದು. ಕಣ್ಣು ನೆಲದಲ್ಲೇ ಇತ್ತು. ಹತ್ತಕ್ಕೆ ಆರು."

"ಆರೇನಾ?"

"ಅದೂ ಪಾಪ ಅಂತ ಕೊಟ್ಟಿದ್ದು."

ಯುವ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಇದು ದಿನವೂ ನಡೆಯುವ ಅಭ್ಯಾಸ. ಮುಟ್ಟು, ಕಾಂಡೋಮ್, ಎಚ್‌ಐವಿ ಟೆಸ್ಟ್ ಎಂದರೆ ದೊಡ್ಡವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಆದ್ದರಿಂದ ಓರಗೆಯವರಿಗೆ ಓರಗೆಯವರೇ ಹೇಳಿಕೊಡಬೇಕು. ಅದಕ್ಕೆ ಮೊದಲು ಇಬ್ಬರು ಪಾತ್ರ ಹಾಕಿ ಆಡಿ, ಒಬ್ಬರಿಗೊಬ್ಬರು ಅಂಕ ಕೊಡಬೇಕು. ಅಂಕ ಕೊಡುವುದರಲ್ಲಿ ಅವಳ ಕೈ ಬಲು ಬಿಗಿ.

ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ಶನಿವಾರ ಕಾಲೇಜಿನಲ್ಲಿ ಇಬ್ಬರೂ ಮಾಡಬೇಕಿದ್ದ ಪಾಠದ ಹಾಳೆ ಬಿಡಿಸಿ ಎರಡೆರಡು ಸಲ ಓದಿದಳು. ಹುಡುಗನ ಪಾತ್ರಕ್ಕೆ ಅಲ್ಲಿದ್ದದ್ದು ಒಂದೇ ಮಾತು: "ಮೊದಲು ಇಬ್ಬರೂ ಟೆಸ್ಟ್ ಮಾಡಿಸೋಣ." ಇಷ್ಟಗಿಷ್ಟದ ಸುದ್ದಿಯೇ ಇರಲಿಲ್ಲ. ಪೆದ್ದಿ! ಅವನ ಕಿವಿಗಳು ಅಷ್ಟು ಕೆಂಪಾಗಿದ್ದನ್ನು ನೋಡಿಯೂ ಪ್ರೀತಿಗೆ ಅಂಕ ಹಾಕಿ ಬಂದಿದ್ದಳು. ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಕ್ಕಳು.

ಮನೆಯಲ್ಲಿ ಅಣ್ಣ ಕಾದಿದ್ದ. ಮೆಡಿಕಲ್ ಸ್ಟೋರ್ ನಡೆಸಿ ಅವಳನ್ನು ಓದಿಸಿದವನು ಅವನೇ. ಯಾರೋ ಗಿರಾಕಿ ಅವನ ಕಿವಿ ಊದಿದ್ದರು.

"ಶನಿವಾರ ಕಾಲೇಜಲ್ಲಿ ಯಾವನೋ ಗ್ಯಾರೇಜಿನವನ ಜೊತೆ ಕಾಂಡೋಮ್ ಬಗ್ಗೆ ಭಾಷಣ ಮಾಡ್ತೀಯಂತೆ? ಮಾನ ಹರಾಜು ಹಾಕ್ತೀಯಾ?"

"ನೀನು ದಿನಾ ಮಾರ್ತೀಯಲ್ಲಣ್ಣ."

"ನಾನು ಪೇಪರಲ್ಲಿ ಸುತ್ತಿ ಕೊಡ್ತೀನಿ!"

"ಅದಕ್ಕೇ ಜನ ಕೇಳೋಕೂ ನಾಚ್ಕೋತಾರೆ. ನನ್ನ ಗೆಳತಿ ನಾಚಿಕೆಗೆ ಯಾರಿಗೂ ಹೇಳದೆ ಕಾಯಿಲೆ ಮುಚ್ಚಿಟ್ಟು ಆಸ್ಪತ್ರೆ ಸೇರಿದ್ಲು. ಮರೆತುಬಿಟ್ಯಾ?"

"ಹೋದ್ರೆ ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ."

ಶನಿವಾರ ಅವಳು ಹೋದಳು. ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡೇ ಹೋದಳು.

ಕಾಲೇಜಿನ ಹಾಲ್ ತುಂಬಿತ್ತು. ಗ್ಯಾರೇಜಿನ ಹುಡುಗ ಅವಳತ್ತ ನೋಡುವ ಧೈರ್ಯವಿಲ್ಲದೆ ಒರೆಸಿದ ಬೋರ್ಡನ್ನೇ ಒರೆಸುತ್ತಿದ್ದ. ಪಾಠ ಶುರುವಾಗಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ.

"ನಡಿ ಮನೆಗೆ. ಈ ಗ್ಯಾರೇಜಿನವನ ಹಿಂದೆ ಬಿದ್ದು ತಾನೆ ಇಷ್ಟೆಲ್ಲ?"

ಹಾಲಿನ ತಲೆಗಳೆಲ್ಲ ಅವಳತ್ತ ತಿರುಗಿದವು. ಅಣ್ಣನೆಂದರೆ ಅವಳಿಗೆ ಪ್ರಾಣ. ಆದರೂ ದನಿ ಗಟ್ಟಿಯಾಗಿಯೇ ಬಂತು.

"ಈ ಕೆಲಸಕ್ಕೆ ಬಂದಿದ್ದು ಗೆಳತಿಗೋಸ್ಕರ, ಅಣ್ಣ. ಇವನು ಇಷ್ಟ ಆಗಿದ್ದು ಆಮೇಲೆ. ಹೌದು, ಇಷ್ಟ. ಎರಡನ್ನೂ ಬಿಡಲ್ಲ."

ಹುಡುಗನ ಕೈಯಿಂದ ಡಸ್ಟರ್ ಜಾರಿ ಬಿತ್ತು. ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಅಣ್ಣ ಬಾಗಿಲು ದೂಡಿಕೊಂಡು ಹೊರಟುಹೋದ. ಅವಳ ಕಣ್ಣು ತುಂಬಿತು.

ಹುಡುಗ ಹತ್ತಿರ ಬಂದ. "ಅಣ್ಣನ ಹಿಂದೆ ಹೋಗ್ಬೇಕು ಅನ್ಸಿದ್ರೆ ಹೋಗು. ಪಾಠ ನಾನು ನೋಡ್ಕೋತೀನಿ."

"ಮುಗಿಸ್ಕೊಂಡು ಇಬ್ಬರೂ ಹೋಗೋಣ. ಅಣ್ಣ ಮನೆ ಬಾಗಿಲು ತೆಗೆಯೋವರೆಗೂ ನಿಂತಿರೋಣ. ಬರ್ತೀಯಾ?"

"ಬರ್ತೀನಿ."

ಅವಳು ಎಲ್ಲರೆದುರೇ ಅವನ ಒರಟು ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಹಾಲಿನ ಕಡೆ ತಿರುಗಿದಳು.

"ಸಿಳ್ಳೆ ಹಾಕಿದವರು ಮುಂದೆ ಬನ್ನಿ. ಮೊದಲ ಪ್ರಶ್ನೆ ನಿಮಗೇ."