ತೆಗೆದುಹಾಕಿದ ನಾಲ್ಕು ಸಾಲು

"ಯಾರ್ರೀ ಇಲ್ಲಿ ನನಗೆ ಮದುವೆ ಮಾಡ್ಸಿದೋರು?"

ಬಾಗಿಲಲ್ಲಿ ನಿಂತವನ ಗುಡುಗಿಗೆ ಚಿಂತಾಮಣಿಯ ಆ ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿ ಟೈಪ್ ಮಾಡುತ್ತಿದ್ದ ಕೈಗಳೆಲ್ಲ ಗಕ್ಕನೆ ನಿಂತವು.

ವೆಂಕಟರತ್ನ ತಲೆಯೆತ್ತಿದಳು. ಎತ್ತರದ ಆಳು. ಅಂಗಿಯ ತೋಳಿನ ತುಂಬ ಸಿಮೆಂಟಿನ ಧೂಳು. ಕೈಯಲ್ಲಿ ಮುದುರಿದ ಪ್ರಿಂಟೌಟು. ಕಣ್ಣಲ್ಲಿ ಬೆಂಕಿ!

"ಏನ್... ಏನ್ ಸಾರ್?"

"ಇದನ್ನ ಬರೆದಿದ್ದು ನೀವೇನಾ? 'ಕೋನಪ್ಪ, ರಾಮಲಕ್ಷ್ಮಮ್ಮ ದಂಪತಿ ನಡೆಸುತ್ತಿರುವ ಕಟ್ಟಡ ಗುತ್ತಿಗೆ ಸಂಸ್ಥೆ' ಅಂತೆ! ರಾಮಲಕ್ಷ್ಮಮ್ಮ ನಮ್ಮಕ್ಕ ಕಣ್ರೀ! ಒಡಹುಟ್ಟಿದ ಅಕ್ಕ!"

ರತ್ನ ಕುರ್ಚಿಯಿಂದ ಎದ್ದು ನಿಂತಳು.

"ನಿನ್ನೆ ಹೆಣ್ಣು ಕೊಡೋಕೆ ಅಂತ ಮನೆಗೆ ಬಂದಿದ್ರು. ಮೇಜಿನ ಮೇಲೆ ಇದಿತ್ತು. ಓದ್ಕೊಂಡು, ಕಾಫೀನೂ ಕುಡೀದೆ ಎದ್ದು ಹೋದ್ರು!"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ರತ್ನಳಿಗೂ ನಗು ಒತ್ತಿಕೊಂಡು ಬಂತು. ತುಟಿ ಕಚ್ಚಿಕೊಂಡಳು. ಅವನು ಅದನ್ನು ನೋಡಿಬಿಟ್ಟ!

"ನಗ್ತಾ ಇದೀರಾ?"

"ಇಲ್ಲ ಸಾರ್... ತಪ್ಪಾಯ್ತು ಸಾರ್... ಫೋಟೋದಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ರಿ, ನಾನು..."

ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ಕೋನಪ್ಪನ ದನಿ ತಾನಾಗಿಯೇ ತಗ್ಗಿತು. "ಸರಿ ಬಿಡಿ. ಸರಿ ಮಾಡಿ ಅಷ್ಟೆ," ಎಂದು ಗೊಣಗಿದ.

ಅದು ತೊಂಬತ್ತೊಂಬತ್ತನೇ ಇಸವಿ. ವೆಬ್‌ಸೈಟ್ ಅಂದರೇನೆಂದು ಊರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಕಾಲ. ಸೆಂಟರಿನ ಮಾಲೀಕ ಜಿಯಾವುಲ್ಲಾ ಮಾತ್ರ ಧೈರ್ಯ ಮಾಡಿ ಆ ಕೆಲಸಕ್ಕೆ ಕೈಹಾಕಿದ್ದರು. ಅವರ ಮೊದಲ ಗಿರಾಕಿಯೇ ಕೋನಪ್ಪ. ಬಿ.ಎ. ಮುಗಿಸಿ ಅಲ್ಲೇ ಪಾಠ ಹೇಳುತ್ತಿದ್ದ ರತ್ನಳಿಗೆ, ಅವಳ ಭಾಷೆ ಚೆನ್ನಾಗಿದೆಯೆಂದು, ಪುಟಗಳನ್ನು ಬರೆಯುವ ಕೆಲಸ ಒಪ್ಪಿಸಿದ್ದರು.

ಕೋನಪ್ಪನಿಗೆ ವೆಬ್‌ಸೈಟ್ ಬೇಕಾಗಿದ್ದಕ್ಕೆ ದೊಡ್ಡ ಕಾರಣವಿತ್ತು. ಮಸ್ಕತ್ತಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅಮಾನುಲ್ಲಾ ಸಾಹೇಬರು ತಮ್ಮ ಊರಾದ ಶಿಡ್ಲಘಟ್ಟದಲ್ಲಿ ಶಾದಿ ಮಹಲ್ ಕಟ್ಟಿಸಲು ಹೊರಟಿದ್ದರು. ಯಾವ ಕಂಟ್ರಾಕ್ಟರಿಗೆ ಕೆಲಸ ಎಂಬುದನ್ನು ಅಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ನೋಡಿ ತೀರ್ಮಾನಿಸುತ್ತಾರಂತೆ! ಬೆಂಗಳೂರಿನ ದೊಡ್ಡ ಕಂಪನಿಗಳೂ ಸ್ಪರ್ಧೆಯಲ್ಲಿದ್ದವು.

"ಸಾರ್, ಹೋದ ಸಲ ಇಲ್ಲೇ ಕೂತ್ಕೊಂಡು ಬರೆದೆ. ಅದಕ್ಕೇ ಹಾಗಾಯ್ತು," ಎಂದಳು ರತ್ನ. "ಈ ಸಲ ನೀವು ಕಟ್ಟಿರೋದನ್ನೆಲ್ಲ ಕಣ್ಣಾರೆ ನೋಡಿ ಬರೀತೀನಿ. ತೋರಿಸ್ತೀರಾ?"

ಕೋನಪ್ಪ ತಬ್ಬಿಬ್ಬಾದ. ಹೀಗೆ ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ.

"...ಅಕ್ಕಾನೂ ಬರ್ತಾಳೆ. ನಾಳೆ ಬೆಳಿಗ್ಗೆ ಜೀಪ್ ತರ್ತೀನಿ."

ಮರುದಿನ ಜೀಪಿನಲ್ಲಿ ರಾಮಲಕ್ಷ್ಮಮ್ಮ ಅವಳನ್ನು ನೋಡಿದ್ದೇ ನಕ್ಕುಬಿಟ್ಟರು. "ಅಯ್ಯೋ ದೇವುಡಾ! ನನ್ನ ಸಂಸಾರ ಹೂಡಿದ ಹುಡುಗಿ ನೀನೇನಾ? ಬಾಮ್ಮ, ನನ್ನ ಪಕ್ಕ ಕೂತ್ಕೋ."

ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ನಿಂತು ಈ ಕೆಲಸ ಬೆಳೆಸಿದ ಹೆಣ್ಣು ಅವರು. ಕೆಲಸದವರ ಉಸ್ತುವಾರಿಯೆಲ್ಲ ಅವರದೇ.

ಶಿಡ್ಲಘಟ್ಟದಲ್ಲಿ ಕೋನಪ್ಪ ಕಟ್ಟಿದ್ದ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಹೋದರು. ರೇಷ್ಮೆಗೂಡು ಕುದಿಯುವ ಬಾನಿಗಳ ನಡುವೆ ನೂಲು ತೆಗೆಯುತ್ತಿದ್ದ ಖತೀಜಾ ಬೀ ರತ್ನಳ ಕೈ ಹಿಡಿದುಕೊಂಡರು.

"ಮೊದ್ಲು ಹೊಗೆಗೆ ಕಣ್ಣು ಬಿಡೋಕಾಗ್ತಿರ್ಲಿಲ್ಲಮ್ಮ. ಇವ್ರು ಬಂದು ನಮ್ಮನ್ನೇ ಕೇಳಿದ್ರು, ಕಿಟಕಿ ಎಲ್ಲಿ ಬೇಕು ಅಂತ. ಈಗ ನೋಡು, ಹಾಡ್ಕೊಂಡು ಕೆಲ್ಸ ಮಾಡ್ತೀವಿ!"

ರತ್ನ ಕೋನಪ್ಪನ ಕಡೆ ತಿರುಗಿದಳು. ಅವನು ಛಾವಣಿ ನೋಡುತ್ತ ನಿಂತಿದ್ದ. ಕಿವಿ ಕೆಂಪಾಗಿತ್ತು!

*ಕೋಪ ಬಂದಾಗ ಊರೇ ನಡುಗಿಸ್ತಾರೆ... ಹೊಗಳಿದ್ರೆ ನಾಚ್ಕೋತಾರೆ!* ಅವಳ ಎದೆ ಯಾಕೋ ಡವಡವ ಎಂದಿತು.

ಮಂಡಿಕಲ್ಲಿನಲ್ಲಿ ನಡೆಯುತ್ತಿದ್ದ ಕೆಲಸದ ಬಳಿ ಬಂದಾಗ ಒಂದು ಗೋಡೆ ಸೊಟ್ಟಗೆ ಬಂದಿತ್ತು. ಮೇಸ್ತ್ರಿ ತಲೆ ತಗ್ಗಿಸಿ ನಿಂತ. ಈಗ ಗುಡುಗುತ್ತಾರೆ ಎಂದು ರತ್ನ ಉಸಿರು ಬಿಗಿ ಹಿಡಿದಳು. ಕೋನಪ್ಪ ಅಂಗಿಯ ತೋಳು ಮಡಚಿದ. ಹಾರೆ ತೆಗೆದುಕೊಂಡು ಮೊದಲ ಏಟು ತಾನೇ ಹಾಕಿದ. ಗೋಡೆ ಉರುಳಿದ ಮೇಲೆ ಮೇಸ್ತ್ರಿಯ ಹೆಗಲಿಗೆ ಕೈ ಹಾಕಿ, "ಬಾ ಮಾವ, ಮೊದ್ಲು ಊಟ ಮಾಡಣ. ಆಮೇಲೆ ಕಟ್ಟಣ," ಎಂದ.

ಆ ಕ್ಷಣದಲ್ಲೇ ರತ್ನ ಸೋತುಹೋದಳು.

ಆ ವಾರವೆಲ್ಲ ಅವಳಿಗೆ ಹಬ್ಬ! ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಬರೆದಳು. ಕನ್ನಡದ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ. ಆ ಪುಟಗಳನ್ನು ಚಿತ್ರ ಮಾಡಿ ಹಾಕಬೇಕಿತ್ತು. 'ವಿಶ್ವದರ್ಜೆ', 'ಅತ್ಯಾಧುನಿಕ' ಎಂಬ ಪದಗಳನ್ನೆಲ್ಲ ಕಿತ್ತೆಸೆದಳು. ಖತೀಜಾ ಬೀಯ ಮಾತನ್ನು ಅವರು ಹೇಳಿದ ಹಾಗೆಯೇ ಇಟ್ಟಳು. ಮಂಚೇನಹಳ್ಳಿಯಲ್ಲಿ ಕೋನಪ್ಪ ಕಟ್ಟಿದ್ದ ಮನೆಯ ಅಡುಗೆಕೋಣೆಗೆ ಬೆಳಗಿನ ಬಿಸಿಲು ಬೀಳುವುದನ್ನೂ ಬರೆದಳು. ಕೊನೆಯಲ್ಲಿ, ತಡೆಯಲಾರದೆ, ನಾಲ್ಕು ಸಾಲು ಸೇರಿಸಿದಳು.

'ಸೊಟ್ಟಗೆ ಬಂದ ಗೋಡೆಗೆ ಮೊದಲ ಏಟು ಹಾಕಿದ್ದು ಕೋನಪ್ಪನವರೇ. ತಪ್ಪು ಮಾಡಿದವನನ್ನು ಅವರು ಬಯ್ಯಲಿಲ್ಲ, ಊಟಕ್ಕೆ ಕರೆದರು. ಅವರು ಕಟ್ಟಿದ ಮನೆ ನೋಡುವ ಮೊದಲು ಅವರನ್ನು ನೋಡಬೇಕು. ಅವರ ಕೈಗೆ ಏನನ್ನು ಬೇಕಾದರೂ ನಂಬಿ ಒಪ್ಪಿಸಬಹುದು.'

ಕೋನಪ್ಪ ಬಂದು ಎಲ್ಲವನ್ನೂ ನಿಧಾನವಾಗಿ ಓದಿದ. ಕೊನೆಯ ಪುಟಕ್ಕೆ ಬಂದವನು ಅಲ್ಲಿಯೇ ನಿಂತುಬಿಟ್ಟ. ಮತ್ತೆ ಓದಿದ. ಆಮೇಲೆ ಪೆನ್ನು ತೆಗೆದು ಆ ನಾಲ್ಕು ಸಾಲಿನ ಮೇಲೆ ಗೆರೆ ಎಳೆದ.

"ಇದು ಬೇಡ. ತೆಗೆದುಬಿಡಿ."

"ಯಾಕೆ? ಸುಳ್ಳಾ?"

"ಸುಳ್ಳಲ್ಲ..." ಅವನು ತಲೆ ಎತ್ತಲಿಲ್ಲ. "ಬೇಡ ಅಷ್ಟೆ. ಬರ್ತೀನಿ."

ಹೋಗೇಬಿಟ್ಟ!

*ನನ್ನ ಮನಸ್ಸು ಗೊತ್ತಾಗಿಹೋಯ್ತು ಅವ್ರಿಗೆ... ಅದಕ್ಕೇ ಬೇಡ ಅಂದ್ರು. ಛೇ, ಎಷ್ಟು ಸಸಾರವಾಗಿಹೋದೆ ನಾನು!*

ರತ್ನ ಕಣ್ಣೊರೆಸಿಕೊಂಡು ಆ ಸಾಲುಗಳನ್ನು ಅಳಿಸಿದಳು. ಅದೇ ಸಂಜೆ ಜಿಯಾವುಲ್ಲಾ ಮುಂದೆ ನಿಂತಳು.

"ಸಾರ್, ಗೌರಿಬಿದನೂರಲ್ಲಿ ಹೊಸ ಸೆಂಟರ್ ತೆಗೀತೀನಿ ಅಂದ್ರಲ್ಲ. ನನ್ನನ್ನ ಅಲ್ಲಿಗೆ ಕಳಿಸಿ. ಚಿಕ್ಕಮ್ಮನ ಮನೆ ಇದೆ ಅಲ್ಲಿ."

ಅವರು ಅವಳ ಮುಖ ನೋಡಿದರು. ಏನೂ ಕೇಳದೆ ಒಪ್ಪಿದರು.

ವೆಬ್‌ಸೈಟ್ ಲೋಕಕ್ಕೆ ತೆರೆದುಕೊಂಡ ದಿನ ಅವಳು ಚಿಂತಾಮಣಿಯಲ್ಲಿ ಇರಲಿಲ್ಲ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಚಿಂತಾಮಣಿಯ ಸೆಂಟರಿನಲ್ಲಿ ಮೋಡೆಮ್ ಕಿರುಗುಟ್ಟಿ ಸುಮ್ಮನಾಯಿತು. ಜಿಯಾವುಲ್ಲಾ ಪರದೆ ನೋಡಿ ಕುರ್ಚಿಯಿಂದ ಹಾರಿ ಎದ್ದರು. ಮಸ್ಕತ್ತಿನಿಂದ ಮೇಲ್! ಶಾದಿ ಮಹಲಿನ ಕೆಲಸ ಕೋನಪ್ಪನಿಗೇ! 'ಬೇರೆಯವರು ಯಂತ್ರಗಳ ಬಗ್ಗೆ ಬರೆದಿದ್ದಾರೆ. ನೀವು ನಮ್ಮೂರಿನ ಹೆಂಗಸರ ಮಾತು ಕೇಳಿಸಿದಿರಿ' ಎಂದು ಅಮಾನುಲ್ಲಾ ಬರೆದಿದ್ದರು.

ಸುದ್ದಿ ಕೇಳಿ ಕೆಲಸದವರೆಲ್ಲ ಶಿಳ್ಳೆ ಹೊಡೆದರು. ಕೋನಪ್ಪ ಮಾತ್ರ ಮರಳಿನ ರಾಶಿಯ ಮೇಲೆ ಸುಮ್ಮನೆ ಕುಳಿತ.

"ಏನೋ ಇದು? ಕೆಲ್ಸ ಸಿಕ್ಕಿದೆ, ಮುಖ ನೋಡಿದ್ರೆ ಯಾರೋ ಸತ್ತಂಗಿದೆ!" ಎಂದರು ರಾಮಲಕ್ಷ್ಮಮ್ಮ.

"ಆ ಹುಡುಗಿ ಊರೇ ಬಿಟ್ಟು ಗೌರಿಬಿದನೂರಿಗೆ ಹೋಗಿದಾಳೆ ಅಕ್ಕ."

"ನೀನೇನಂದೆ ಅವಳಿಗೆ?"

ಅವನು ಹೇಳಿದ. ಅಕ್ಕ ಹಣೆ ಚಚ್ಚಿಕೊಂಡರು.

"ಲೋ, 'ಬೇಡ ಅಷ್ಟೆ' ಅಂದ್ರೆ ಯಾವ ಹುಡುಗಿಗೆ ಏನ್ ಅರ್ಥ ಆಗುತ್ತೋ? ನಿನ್ನ ಮನಸ್ಸಲ್ಲಿ ಇದ್ದಿದ್ದು ನಿನ್ನ ಬಾಯಿಗೆ ಬಂತಾ? ಎದ್ದೇಳು! ಈಗಲೇ ಹೋಗು!"

ಜೀಪು ಗ್ಯಾರೇಜಿನಲ್ಲಿತ್ತು. ಸಿಕ್ಕಿದ ಬಸ್ಸು ಹತ್ತಿದ. ಚಿಕ್ಕಬಳ್ಳಾಪುರದಲ್ಲಿ ಇಳಿದು, ಹೊರಡುತ್ತಿದ್ದ ಇನ್ನೊಂದು ಬಸ್ಸಿನ ಹಿಂದೆ ಓಡಿ ನೇತುಬಿದ್ದ. ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಸಂಜೆಯ ಬಿಸಿಲು ಹೊನ್ನಾಗಿತ್ತು.

ಪಾಠ ಮುಗಿಸಿ ಆ ದಾರಿಯಲ್ಲೇ ಬರುತ್ತಿದ್ದ ರತ್ನ ಅವನನ್ನು ಕಂಡು ಕಂಬದ ಹಾಗೆ ನಿಂತಳು. ಓಡಿಹೋಗಲೇ ಅನ್ನಿಸಿತು. ಅಷ್ಟರಲ್ಲಿ ಅವನೇ ಎದುರಿಗೆ ಬಂದ.

"ಕೆಲ್ಸ ಸಿಕ್ತು ರೀ!" ಏದುಸಿರು ಬಿಡುತ್ತ ಅಂದ. "ನಿಮ್ಮಿಂದ ಸಿಕ್ತು!"

ಅವಳ ಮುಖ ಅರಳಿತು. ಮರುಕ್ಷಣವೇ ಬಾಡಿತು. "ಸಂತೋಷ ಸಾರ್. ಇಷ್ಟು ಹೇಳೋಕೆ ಇಷ್ಟು ದೂರ ಬಂದ್ರಾ?"

"ಇಲ್ಲ... ಆ ನಾಲ್ಕು ಸಾಲು..."

"ಅದರ ಮಾತು ಬೇಡ. ತೆಗೆದುಹಾಕಿದೀನಲ್ಲ!"

"ನಾನು ಯಾಕೆ ತೆಗೀರಿ ಅಂದೆ ಗೊತ್ತಾ?" ಅವನು ಹಣೆಯ ಬೆವರು ಒರೆಸಿಕೊಂಡ. "ಅದು ಊರೆಲ್ಲ ಓದೋದಲ್ಲ ಅನ್ನಿಸ್ತು. ನನ್ನ ಬಗ್ಗೆ ಯಾರೂ ಹಂಗೆ ಅಂದಿರ್ಲಿಲ್ಲ. ನೀವು ನನಗೊಬ್ಬನಿಗೇ ಹೇಳಿದ್ದು ಅಂತ... ನನಗೇ ಇರ್ಲಿ ಅಂತ... ಅದನ್ನ ಹೇಳೋಕೆ ಬಾಯೇ ಬರ್ಲಿಲ್ಲ ಕಣ್ರೀ!"

ರತ್ನಳ ಕಣ್ಣು ತುಂಬಿ ಬಂತು. ಎದೆಯೊಳಗೆ ಎಷ್ಟೊಂದು ಹಕ್ಕಿಗಳು ಒಟ್ಟಿಗೇ ಹಾರಿದ ಹಾಗೆ!

"ಇಷ್ಟು ದಿನ ನಾನು ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ?"

"ಇನ್ಮೇಲೆ ಅಳಿಸಲ್ಲ. ನನ್ನನ್ನ... ಮದುವೆ ಆಗ್ತೀರಾ?"

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಮುದುಕಿ ಕೈ ನಿಲ್ಲಿಸಿ ನೋಡತೊಡಗಿದಳು. ರತ್ನ ಕೆನ್ನೆ ಒರೆಸಿಕೊಂಡಳು. ಒಳಗಿನಿಂದ ನಗು ಉಕ್ಕಿ ಬಂತು.

"ನನಗೆ ಇಷ್ಟ. ಆದ್ರೆ ಮನೇಲಿ ಅಮ್ಮನ್ನ ಕೇಳ್ಬೇಕು. ಭಾನುವಾರ ಅಕ್ಕನ್ನ ಕರ್ಕೊಂಡು ಬನ್ನಿ."

"ಬರ್ತೀವಿ! ನೀವೂ ಇರ್ತೀರ ತಾನೆ?"

"ನಾನು ಶನಿವಾರಾನೇ ಚಿಂತಾಮಣಿಗೆ ಬಂದಿರ್ತೀನಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಮತ್ತೆ ಅವನ ಕಿವಿ ಕೆಂಪಗಾಯಿತು.

"ಇನ್ನೊಂದು ಮಾತು... ನಿಮ್ಮನ್ನ ರತ್ನ ಅಂತ ಕರೀಲಾ?"

"ಇಷ್ಟು ದಿನ ಕರೀಲಿಲ್ಲ ಅಂತಾನೇ ನನಗೆ ಕೋಪ!"

"...ರತ್ನ."

"ಹೂಂ," ಎಂದಳು ಅವಳು, ಮೆಲ್ಲಗೆ. "ಇಲ್ಲೇ ಇದೀನಿ."